ಜೀಪಿನಲ್ಲಿ ಬಂದು ಹೋಗುವ ಕರೆಂಟು: ನಾನು ಹುಡುಕಿದ ಬಗೆ

ವೈಪರ್, ಬ್ಲೋವರ್, ಹಾಡಿನ ಸೆಟ್, ಮೊಬೈಲ್ ಚಾರ್ಜರ್ ನಾಲ್ಕೂ ಒಟ್ಟಿಗೆ ನಿಲ್ಲುತ್ತಿದ್ದವು, ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಎದ್ದು ಕೂರುತ್ತಿದ್ದವು. ಹೆಡ್‌ಲೈಟಿಗೂ ಹಾರ್ನಿಗೂ ಮಾತ್ರ ಏನೂ ಆಗುತ್ತಿರಲಿಲ್ಲ. ಕಲಬುರಗಿಯಿಂದ ಜೇವರ್ಗಿ ದಾರಿಯಲ್ಲಿ ತೊಗರಿ ಹೊಲಕ್ಕೆ ಹೋಗುವಾಗ, ಅದೂ ಮಧ್ಯಾಹ್ನದ ಬಿಸಿಲಲ್ಲೇ ಈ ಆಟ. ಗ್ಯಾರೇಜಿನ ನೆರಳಿಗೆ ತಂದು ನಿಲ್ಲಿಸಿದರೆ ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು.

‘ಕಾಕಾ, ಬ್ಯಾಟರಿ ಹಳೆಯದಾಗಿದೆ, ಬದಲಿಸಿಬಿಡಿ’ ಎಂದ ಅಲ್ಲಿಯ ಹುಡುಗ. ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಟರಿ ಸೋತಿದ್ದರೆ ಎಲ್ಲಕ್ಕಿಂತ ಮೊದಲು ಸ್ಟಾರ್ಟರ್ ಮೋಟಾರ್ ಸೋಲಬೇಕು. ಅದು ಒಂದೇ ಏಟಿಗೆ ಎಂಜಿನ್ ಎಬ್ಬಿಸುತ್ತಿತ್ತು. ಪಂಪಿನ ಸ್ಟಾರ್ಟರ್ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟಿದ ಅಭ್ಯಾಸವಿತ್ತು, ಹಾಗಾಗಿ ಮನೆಯ ಮುಂದೆಯೇ ಕೆಲಸಕ್ಕೆ ಕುಳಿತೆ.

ಯಾವುದು ಯಾವುದರ ಜೊತೆ ನಿಲ್ಲುತ್ತದೆ ಎನ್ನುವುದೇ ಅರ್ಧ ಉತ್ತರ. ನನ್ನ ಜೀಪಿನಲ್ಲಿ ಹಾರ್ನಿಗೆ, ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬೇರೆ ದಾರಿಯಲ್ಲಿ ಬರುತ್ತದೆ. ಉಳಿದ ನಾಲ್ಕಕ್ಕೂ ಬೀಗದ ಕೈ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಮೂಲಕ ಒಂದೇ ವೈರ್ ಬಂದು, ಫ್ಯೂಸ್ ಪೆಟ್ಟಿಗೆಯಲ್ಲಿ ಕವಲೊಡೆಯುತ್ತದೆ. ನಾಲ್ಕೂ ಒಟ್ಟಿಗೆ ನಿಲ್ಲುವುದಾದರೆ ದೋಷ ಇರುವುದು ಕವಲಿಗಿಂತ ಮೊದಲು. ವೈಪರ್ ಮೋಟಾರನ್ನೋ ಚಾರ್ಜರನ್ನೋ ಬಿಚ್ಚುವ ಕೆಲಸ ಅಲ್ಲಿಗೇ ಉಳಿಯಿತು.

ಇಲ್ಲಿ ಮಲ್ಟಿಮೀಟರ್ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಎಲ್ಲ ಬಂದ್ ಮಾಡಿ ವೈರಿನ ತುದಿಗೆ ಕಡ್ಡಿ ಇಟ್ಟರೆ 12 ವೋಲ್ಟ್‌ಗಿಂತ ಮೇಲೆಯೇ ತೋರಿಸುತ್ತದೆ, ಜನ ‘ಕರೆಂಟು ಬರುತ್ತಿದೆ’ ಎಂದು ಮುಂದೆ ಹೋಗುತ್ತಾರೆ. ಮೀಟರ್ ತಾನು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರಿನೊಳಗೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟ್ ಕಾಣುತ್ತದೆ. ಅದೇ ಎಳೆಯ ಮೇಲೆ ಬ್ಲೋವರ್ ತಿರುಗಲಾರದು. ಆದ್ದರಿಂದ ಅಳೆಯುವುದಿದ್ದರೆ ಲೋಡ್ ಹಾಕಿಯೇ, ಎಂದರೆ ಬ್ಲೋವರಿನಂಥದ್ದು ಕರೆಂಟು ಎಳೆಯುತ್ತಿರುವಾಗಲೇ ಅಳೆಯಬೇಕು. ಈ ಒಂದು ಮಾತಿಗಾಗಿ ನಾನು ಯಾರ ಜೊತೆಗಾದರೂ ಜಗಳಕ್ಕೆ ಸಿದ್ಧ.

ಜೀಪನ್ನು ಬಿಸಿಲಿಗೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಬ್ಲೋವರ್ ಪೂರ್ತಿ ಹಾಕಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರ ಬಿಸಿಲು ಇದೊಂದು ಕೆಲಸಕ್ಕಾದರೂ ಉಪಯೋಗಕ್ಕೆ ಬಂತು. ಬ್ಯಾಟರಿಯ ಮೇಲೆ 13.8 ವೋಲ್ಟ್. ಸ್ವಿಚ್ಚಿಗೆ ಬರುವಲ್ಲಿ 13.6. ಸ್ವಿಚ್ಚಿನ ಹಿಂದಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ದಾಟಿದ ಮೇಲೆ 11.1. ಖಚಿತ ಮಾಡಿಕೊಳ್ಳಲು ಮೀಟರಿನ ಒಂದು ಕಡ್ಡಿಯನ್ನು ಸ್ವಿಚ್ಚಿನ ಪಿನ್ನಿಗೆ, ಇನ್ನೊಂದನ್ನು ಕಪ್ಲರಿನ ಆಚೆಯ ವೈರಿಗೆ ಇಟ್ಟೆ. ಒಳ್ಳೆಯ ಜೋಡಣೆಯಲ್ಲಿ ಇದು 0.1 ವೋಲ್ಟಿನ ಆಸುಪಾಸು ಇರಬೇಕು. ಇಲ್ಲಿ ಎರಡೂವರೆ ವೋಲ್ಟ್. ಆಗ ಹರಿಯುತ್ತಿದ್ದ ಕರೆಂಟು ಸುಮಾರು 8 ಆಂಪಿಯರ್ ಎಂದರೆ 20 ವ್ಯಾಟ್ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತಿತ್ತು.

ಕಪ್ಲರ್ ಎಳೆದರೆ ಪ್ಲಾಸ್ಟಿಕ್ ಕಂದಿತ್ತು, ಒಳಗಿನ ಹಿತ್ತಾಳೆಯ ಕಿವಿ ಸಡಿಲವಾಗಿ ಕಪ್ಪಾಗಿತ್ತು. ಕಾದಾಗ ಕೈಬಿಡುತ್ತಿತ್ತು, ಆರಿದಾಗ ಮತ್ತೆ ಹಿಡಿಯುತ್ತಿತ್ತು. ಹಿಂದಿನ ಯಜಮಾನರು ಆಂಪ್ಲಿಫೈಯರಿಗೆ ಇದೇ ವೈರ್ ಸುಲಿದು ಜೋಡಿಸಿದ ಗುರುತೂ ಸಿಕ್ಕಿತು. ಟೇಪ್ ಸುತ್ತಿಬಿಟ್ಟರೆ ಕೆಲಸ ಮುಗಿಯಿತು ಎನ್ನುವ ಜನ!

ಬ್ಯಾಟರಿಯ ಮೈನಸ್ ತೆಗೆದಿಟ್ಟು, ಸುಟ್ಟ ಭಾಗ ಕತ್ತರಿಸಿ, ಒಂದು ರಿಲೇ ಹಾಕಿದೆ; ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು ಅದು, ಅದರ ಕಾಲುಗಳಿಗೆ ನಂಬರುಗಳಿರುತ್ತವೆ. 30ನೇ ಕಾಲಿಗೆ ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರ್ ವೈರ್, ಬ್ಯಾಟರಿಯ ಹತ್ತಿರವೇ 20 ಆಂಪಿಯರ್ ಫ್ಯೂಸ್. 87ರಿಂದ ಫ್ಯೂಸ್ ಪೆಟ್ಟಿಗೆಗೆ. ಸ್ವಿಚ್ಚಿನ ವೈರ್ 86ಕ್ಕೆ, 85 ಜೀಪಿನ ಲೋಹದ ಮೈಗೆ. ಈಗ ಸ್ವಿಚ್ಚಿನ ಮೂಲಕ ಹರಿಯುವುದು ರಿಲೇ ಸುರುಳಿಗೆ ಬೇಕಾದ ಚೂರು ಕರೆಂಟು ಮಾತ್ರ. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪೊಟ್ಟಣದ ಬೆಳ್ಳಿಕಾಗದ ತುರುಕಿದ್ದನ್ನು ಬೇರೆ ಗಾಡಿಗಳಲ್ಲಿ ಕಂಡಿದ್ದೇನೆ. ಅಂಥ ಗಾಡಿಯಲ್ಲಿ ಫ್ಯೂಸಿನ ಬದಲು ವೈರೇ ಉರಿಯುತ್ತದೆ.

ಕೈ ಹಾಕಿದ್ದೇ ಹಾಕಿದೆ ಎಂದು ಹಿಂದಿನ ದೀಪವನ್ನೂ ನೋಡಿದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು. ಇದು ಬಹುತೇಕ ಅರ್ಥಿಂಗ್ ಕೆಟ್ಟ ಲಕ್ಷಣ: ಜೀಪಿನ ಲೋಹದ ಮೈಗೆ ಮರಳಲಾಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಮಳೆಗಾಲದ ಎರೆಮಣ್ಣು ಮೆತ್ತಿಕೊಂಡು ತೇವ ಹಿಡಿದಿಟ್ಟಿದ್ದ ಸ್ಕ್ರೂ ತುಕ್ಕಿನಲ್ಲೇ ಮುಳುಗಿತ್ತು. ಬಣ್ಣ ಕೆರೆದು, ತಗಡು ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ.

ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಇನ್ನೂ ಕುಣಿಯುತ್ತಿದೆ. ಅದು ಈ ದಾರಿಯ ದೋಷವಲ್ಲ, ಟ್ಯಾಂಕಿನ ಫ್ಲೋಟಿನದೋ ಅದರ ಅರ್ಥಿಂಗಿನದೋ ಇರಬೇಕು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದ ದಿನ ಬಿಚ್ಚುತ್ತೇನೆ.