ಉಲುರು ಯಾವ ತಾಲೂಕಿನ್ಯಾಗ ಬರತೈತಿ?

ಶೇಂಗಾ ಹಸನು ಮಾಡುತ್ತ ಕೂತಿದ್ದ ನಮ್ಮ ಅತ್ತಿ ಕೇಳಿದ ಪ್ರಶ್ನೆ ಇದು. ಅವರಿಗದು ಹುನಗುಂದದ ಕಡೆಯ ಯಾವುದೋ ಹಳ್ಳಿಯ ಹೆಸರಿನಂತೆ ಕೇಳಿಸಿತ್ತು. "ಆಸ್ಟ್ರೇಲಿಯಾದ ನಟ್ಟ ನಡುವ ಮರಭೂಮ್ಯಾಗ ಐತ್ರಿ, ಒಂದ ದೊಡ್ಡ ಕೆಂಪ ಬಂಡಿಗಲ್ಲು" ಎಂದೆ. "ಬಂಡಿ ನೋಡಾಕ ಅಷ್ಟ ದೂರ? ಬಾದಾಮ್ಯಾಗ ಏನ ಕಡಿಮಿ ಅದಾವ?" ಎಂದರು. ಹೊರಡುವ ದಿನದವರೆಗೂ ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಮಗಳು, ಅಳಿಯ ಇರುವುದು ಸಿಡ್ನಿಯಲ್ಲಿ. 2024ರ ಜೂನ್‌ನಲ್ಲಿ ನಾನೂ ನಮ್ಮನಿಯವರೂ ಅವರ ಮನೆಗೆ ಹೋಗುವುದೆಂದು ಠರಾವಾದಾಗ, "ಅಲ್ಲಿಂದ ಒಂದು ಪ್ರವಾಸ ನೀನೇ ಪ್ಲಾನ್ ಮಾಡವ್ವಾ, ನಮಗ ಪುರಸೊತ್ತಿಲ್ಲ" ಎಂದಳು ಮಗಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವಳಿಗೆ ಇದೇನು ದೊಡ್ಡ ಕೆಲಸ ಎಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಕೂತೆ. ಐದು ದಿನ, ಆರು ಊರು. ಆಲಿಸ್ ಸ್ಪ್ರಿಂಗ್ಸ್, ಮ್ಯಾಕ್‌ಡೊನೆಲ್ ಬೆಟ್ಟಸಾಲು, ಹರ್ಮನ್ಸ್‌ಬರ್ಗ್, ಕಿಂಗ್ಸ್ ಕ್ಯಾನ್ಯನ್, ಉಲುರು, ಕೊನೆಗೆ ಜನ ನೆಲದಡಿ ಮನೆ ಮಾಡಿಕೊಂಡಿರುವ ಕೂಬರ್ ಪೀಡಿ. ಮಗಳು ಫೋನಿನಲ್ಲಿ ಕೇಳಿಸಿಕೊಂಡು ನಕ್ಕಳು. "ಅವ್ವಾ, ನೀ ನಕಾಶೆ ನೋಡೀದಿ, ಅಳತಿ ನೋಡಿಲ್ಲ."

ನೋಡಿರಲಿಲ್ಲ, ನಿಜ. ನಕಾಶೆಯಲ್ಲಿ ಆಲಿಸ್ ಸ್ಪ್ರಿಂಗ್ಸಿಗೂ ಉಲುರುವಿಗೂ ಇರುವುದು ಒಂದು ಬೆರಳಿನ ಅಂತರ. ನೆಲದ ಮೇಲೆ ಸುಮಾರು 450 ಕಿ.ಮೀ. ಡಾಂಬರು ರಸ್ತೆ ಹಿಡಿದು ಆಲಿಸ್‌ನಿಂದ ಕಿಂಗ್ಸ್ ಕ್ಯಾನ್ಯನ್‌ಗೆ ಹೋಗುವುದೆಂದರೆ ಬಾಗಲಕೋಟೆಯಿಂದ ಬೆಂಗಳೂರಿಗೆ ಹೋದಷ್ಟು ದೂರ. ಆದರೆ ನಡುವೆ ಇಳಕಲ್ಲಿಲ್ಲ, ಹೊಸಪೇಟೆ ಇಲ್ಲ, ಚಿತ್ರದುರ್ಗ ಇಲ್ಲ. ಇರುವುದು ಕೈಬೆರಳಲ್ಲಿ ಎಣಿಸುವಷ್ಟು ಪೆಟ್ರೋಲ್ ಪಂಪು, ಉಳಿದದ್ದೆಲ್ಲ ಕೆಂಪು ಮಣ್ಣು ಮತ್ತು ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು. ಕೂಬರ್ ಪೀಡಿ ಹೊಡೆದು ಹಾಕಿದೆ. ಉಳಿದದ್ದು ಆಲಿಸ್‌ನಲ್ಲಿ ಎರಡು ರಾತ್ರಿ, ಕಿಂಗ್ಸ್ ಕ್ಯಾನ್ಯನ್‌ನಲ್ಲಿ ಒಂದು, ಉಲುರು ಪಕ್ಕದ ಯುಲಾರಾದಲ್ಲಿ ಎರಡು. ಅಲ್ಲಿಂದಲೇ ಸಿಡ್ನಿಗೆ ನೇರ ವಿಮಾನ ಇದೆ, ಹೋದ ದಾರಿಯಲ್ಲೇ ತಿರುಗಿ ಬರುವ ತಾಪತ್ರಯ ಇಲ್ಲ.

ದೊಡ್ಡ ತಪ್ಪು ಆದದ್ದು ಕಾರಿನ ವಿಷಯದಲ್ಲಿ. ಅಗ್ಗದ್ದು ಸಿಕ್ಕಿತೆಂದು ಹಿಗ್ಗಿ ಒಂದು ಕಂಪನಿಯಲ್ಲಿ ಬುಕ್ ಮಾಡಿಬಿಟ್ಟೆ. ರಾತ್ರಿ ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು: ದಿನಕ್ಕೆ 100 ಕಿ.ಮೀ. ಮಾತ್ರ, ಅದರ ಮೇಲೆ ಓಡಿಸಿದರೆ ಕಿಲೋಮೀಟರಿಗಿಷ್ಟು ಎಂದು ಕಟ್ಟಬೇಕು. ನಮ್ಮ ಲೆಕ್ಕ ಸಾವಿರದ ಇನ್ನೂರು ಮುಟ್ಟುತ್ತಿತ್ತು. ಪುಣ್ಯಕ್ಕೆ ರದ್ದು ಮಾಡಲು ಅವಕಾಶ ಇತ್ತು. ಕಿಲೋಮೀಟರ್ ಮಿತಿ ಇಲ್ಲದ ಇನ್ನೊಂದನ್ನು ಹಿಡಿದೆವು. ಬಾಡಿಗೆ ಜಾಸ್ತಿ, ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ಬಿಟ್ಟದ್ದಕ್ಕೆ ಬೇರೆ ದುಡ್ಡು. ಆ ಕಡೆ ಕಾರು ಬಾಡಿಗೆಗೆ ತಗೊಳ್ಳುವವರು ಇನ್ನೆರಡು ಶರತ್ತು ಓದಿಕೊಂಡಿರಬೇಕು. ಸಾದಾ ಕಾರನ್ನು ಮಣ್ಣುರಸ್ತೆಗೆ ಇಳಿಸುವಂತಿಲ್ಲ. ಕತ್ತಲಾದ ಮೇಲೆ ಊರ ಹೊರಗೆ ಓಡಿಸುವಂತಿಲ್ಲ, ಕಾಂಗರೂ, ದನ, ಒಂಟೆ ಅಡ್ಡ ಬಂದು ಗುದ್ದಿದರೆ ವಿಮೆ ಸಿಗುವುದಿಲ್ಲ. ಜೂನ್‌ನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಹಾಗಾಗಿ ದಿನದ ಯೋಜನೆ ಎಲ್ಲ ಸೂರ್ಯನ ಕೈಯಲ್ಲಿ.

ಮರಭೂಮಿಯಲ್ಲಿ ಒಂಟೆ ಇದ್ದೇ ಇರುತ್ತದಲ್ಲ ಎನ್ನಬೇಡಿ. ಅಲ್ಲಿನ ಒಂಟೆಗಳು ನಮ್ಮ ಕಡೆಯಿಂದ ಹೋದವು. 1860ರಲ್ಲಿ ಒಂದು ಶೋಧಯಾತ್ರೆಗೆಂದು ಕರಾಚಿಯಿಂದ ಹಡಗಿನಲ್ಲಿ 24 ಒಂಟೆ, ಜೊತೆಗೆ ನೋಡಿಕೊಳ್ಳುವವರನ್ನು ಒಯ್ದರು. ಆಮೇಲೆ ಸಾವಿರಾರು ಹೋದವು. ನಮ್ಮ ಉಪಖಂಡದಿಂದ ಹೋದವರನ್ನೂ ಸೇರಿಸಿ ಒಂಟೆಯವರಿಗೆಲ್ಲ ಅಲ್ಲಿ ‘ಅಫ್ಘಾನ್’ ಎಂದೇ ಹೆಸರು, ಆಲಿಸ್‌ಗೆ ಬರುವ ‘ಘಾನ್’ ರೈಲಿನ ಹೆಸರು ಅದರಿಂದಲೇ. ಲಾರಿ ಬಂದ ಮೇಲೆ ಒಂಟೆಗಳನ್ನು ಹೊರಗೆ ಬಿಟ್ಟರು, ಅವು ಕಾಡುಪಾಲಾದವು. ನಮ್ಮನಿಯವರು ದಾರಿಯುದ್ದಕ್ಕೂ "ನಮ್ಮ ಮಂದಿ ಎಲ್ಲಿ ಕಾಣವಲ್ಲರು?" ಎನ್ನುತ್ತ ಕಿಟಕಿ ನೋಡುತ್ತಿದ್ದರು. ಒಂದೂ ಕಾಣಲಿಲ್ಲ. ಕಂಡದ್ದು ಮೂರು ಮೂರು ಟ್ರೇಲರು ಕಟ್ಟಿಕೊಂಡು ಬರುವ ರೋಡ್ ಟ್ರೇನ್ ಲಾರಿಗಳು. ಐವತ್ತು ಮೀಟರ್ ಮೀರಿದ ಆ ಲಾರಿ ಎದುರು ಬಂದರೆ ಕಬ್ಬಿನ ಟ್ರ್ಯಾಕ್ಟರು ನೋಡಿ ಬೆಳೆದವರ ಎದೆಯೂ ಝಲ್ಲೆನ್ನುತ್ತದೆ.

ಊಟದ ವ್ಯವಸ್ಥೆ ನನ್ನ ಇಲಾಖೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಗಳಿಗೆಂದು ಬೆಳಗಾವಿಯಿಂದ ತರಿಸಿದ ಒಂದು ಕಿಲೋ ಕುಂದಾ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಮೊದಲು ಕೊಡುವ ಕಾರ್ಡಿನಲ್ಲಿ ತಿನ್ನುವ ಸಾಮಾನು ಇದೆಯೇ ಎಂದು ಕೇಳುತ್ತಾರೆ. ‘ಹೌದು’ ಎಂದು ಗುರುತು ಹಾಕಿದೆ, ಮುಚ್ಚಿಟ್ಟರೆ ದೊಡ್ಡ ದಂಡ. ಅಧಿಕಾರಿ ಹೆಣ್ಣುಮಗಳು ರೊಟ್ಟಿಯ ಕಟ್ಟು ಬಿಚ್ಚಿಸಿ, ಬೆರಳಿಂದ ತಟ್ಟಿ, ಸಪ್ಪಳ ಕೇಳಿ ನಕ್ಕು ಬಿಟ್ಟಳು. ಚಟ್ನಿಪುಡಿಯನ್ನೂ ಬಿಟ್ಟಳು. ಕುಂದಾದ ಡಬ್ಬಿ ತೆರೆದು "ಮಿಲ್ಕ್?" ಎಂದಳು. ಹೂಂ ಎಂದೆ. ಮುಗಿಯಿತು. ದನದ ಕಾಲುಬಾಯಿ ಬೇನೆ ಇರುವ ದೇಶದ ಹಾಲಿನ ಪದಾರ್ಥ ಅವರು ಒಳಗೆ ಬಿಡುವುದಿಲ್ಲ. ಒಂದು ಕಿಲೋ ಕುಂದಾ ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಬಿತ್ತು. ರೊಟ್ಟಿ ಮಾತ್ರ ಮರಭೂಮಿಯವರೆಗೂ ಬಂತು. ಅರ್ಲ್‌ಡಂಡಾ ಎಂಬಲ್ಲಿ ಪೆಟ್ರೋಲ್ ಹಾಕಿಸಿ, ಆಲಿಸ್‌ನಲ್ಲಿ ಕೊಂಡ ಮೊಸರಿನ ಜೊತೆ ಚಟ್ನಿ ಕಲಸಿ ತಿಂದೆವು. ಜೋಳದ ರೊಟ್ಟಿಗಿಂತ ಒಳ್ಳೆಯ ಮರಭೂಮಿ ಊಟವನ್ನು ಯಾರೂ ಕಂಡುಹಿಡಿದಿಲ್ಲ ಎಂಬುದು ನನ್ನ ಖಾತ್ರಿ.

ಬಟ್ಟೆಯ ವಿಷಯದಲ್ಲಿ ಜಂಬ ಮಾಡಿ ಕೆಟ್ಟೆ. ಬಿಸಿಲಿನ ಊರಿನವರು ನಾವು, ಮರಭೂಮಿ ನಮಗೇನು ಹೊಸದೇ ಎಂದು. ಅತ್ತಿ "ಕೌದಿ ಒಯ್ಯಿ" ಎಂದಾಗ ನಕ್ಕಿದ್ದೆ. ಅಲ್ಲಿ ನಮ್ಮ ಮಳೆಗಾಲವೇ ಚಳಿಗಾಲ. ಹಗಲು ಇಪ್ಪತ್ತು ಡಿಗ್ರಿಯ ಹದವಾದ ಬಿಸಿಲು, ರಾತ್ರಿ ಸೊನ್ನೆಯ ಹತ್ತಿರ. ಸೂರ್ಯೋದಯ ನೋಡಲು ಎದ್ದ ದಿನ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿತ್ತು. ಹೋಟೆಲಿನ ಹಾಸಿಗೆಯ ರಗ್ಗನ್ನೇ ಹೊದ್ದು ನಿಂತೆ. ನೊಣಕ್ಕೆಂದು ಕೊಂಡ ಮುಖದ ಬಲೆ ಮಾತ್ರ ಚೀಲದಿಂದ ಹೊರಗೆ ಬರಲಿಲ್ಲ, ನೊಣದ ಕಾಟ ಸೆಕೆಗಾಲದ್ದಂತೆ.

ಹರ್ಮನ್ಸ್‌ಬರ್ಗ್‌ಗೆ ಅಲ್ಲಿನ ಮೂಲನಿವಾಸಿಗಳಾದ ಅರಂಡ ಜನರ ಹೆಸರು ಎನ್‌ಟಾರಿಯ. 1877ರಲ್ಲಿ ಲೂಥರನ್ ಪಾದ್ರಿಗಳು ಕಟ್ಟಿದ ಮಿಷನ್ ಅದು, ಸುಣ್ಣ ಬಳಿದ ಕಲ್ಲಿನ ಮನೆಗಳು ಇನ್ನೂ ಇವೆ. 1902ರಲ್ಲಿ ಅಲ್ಲಿ ಹುಟ್ಟಿದ ಆಲ್ಬರ್ಟ್ ನಮಾಜಿರ ಜಲವರ್ಣದಲ್ಲಿ ಆ ಬೆಟ್ಟ, ಬಿಳಿ ಕಾಂಡದ ಮರಗಳನ್ನು ಬರೆದು ದೇಶಕ್ಕೆಲ್ಲ ಹೆಸರಾದರು. ಅಷ್ಟು ಹೆಸರಾದವರಿಗೂ ಪೂರ್ಣ ನಾಗರಿಕ ಹಕ್ಕು ಸಿಕ್ಕಿದ್ದು 1957ರಲ್ಲಿ, ಸಾಯುವ ಎರಡು ವರ್ಷ ಮೊದಲು. ಆ ಗೋಡೆಗಳ ನಡುವೆ ನಿಂತಾಗ ನನ್ನ ನೋಟ್‌ಬುಕ್ಕಿನ ಬಗ್ಗೆ ಸಂಕೋಚ ಅನಿಸಿತು. ಕಿಲೋಮೀಟರು, ಡಾಲರು, ಗಂಟೆ ಎಲ್ಲ ಇತ್ತು. ಇದು ಯಾರ ಊರು ಎಂಬ ಕಾಲಮ್ಮೇ ಇರಲಿಲ್ಲ.

ಕಿಂಗ್ಸ್ ಕ್ಯಾನ್ಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಕಿ.ಮೀ. ನಡಿಗೆ, ಮೊದಲಿಗೇ ಐನೂರು ಮೆಟ್ಟಿಲು, ಮಂಡಿ ಗಟ್ಟಿ ಇದ್ದವರು ಹತ್ತಲಿ. ಮಗಳು, ಅಳಿಯ ಹತ್ತಿದರು. ನಾವಿಬ್ಬರೂ ಕೆಳಗೆ ತೊರೆಯ ಪಕ್ಕ ಅಡ್ಡಾಡಿದೆವು.

ಉಲುರು. ದೂರದಿಂದ ನೋಡಿದಾಗ ಅತ್ತಿಯ ಪ್ರಶ್ನೆ ಸರಿ ಎನಿಸಿತು, ಬಾದಾಮಿಯದೇ ಬಣ್ಣ. ಹತ್ತಿರ ಹೋದ ಮೇಲೆ ಬೇರೆ. ಬಾದಾಮಿಯಲ್ಲಿ ಕಲ್ಲಿನ ಪದರಗಳು ರೊಟ್ಟಿ ಪೇರಿಸಿಟ್ಟ ಹಾಗೆ ಮಲಗಿವೆ. ಇಲ್ಲಿ ಅದೇ ಪೇರಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ ಹಾಗೆ, ಗೆರೆಗಳೆಲ್ಲ ಮೇಲಿನಿಂದ ಕೆಳಕ್ಕೆ. ಎತ್ತರ 348 ಮೀಟರ್, ಸುತ್ತಳತೆ 9.4 ಕಿ.ಮೀ. ಕೆಂಪು ಅದರ ಸ್ವಂತ ಬಣ್ಣವಲ್ಲ. ಕಲ್ಲಿನೊಳಗಿನ ಕಬ್ಬಿಣ ಗಾಳಿಗೆ ತುಕ್ಕು ಹಿಡಿದದ್ದು, ಗವಿಯೊಳಗೆ ಬೂದು ಬಣ್ಣ ಹಾಗೇ ಉಳಿದಿದೆ.

ನಮ್ಮನಿಯವರಿಗೆ ಅದನ್ನು ಹತ್ತುವ ಆಸೆ ಇತ್ತು. ಆ ಆಸೆಯನ್ನು ಯೋಜನೆಯ ಹೊತ್ತಿನಲ್ಲೇ ಕೈಬಿಡಬೇಕಾಯಿತು. ಉಲುರು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರದು. 1873ರಲ್ಲಿ ಒಬ್ಬ ಬಿಳಿಯ ಸರ್ವೇಯರ್ ಕಂಡು ತನ್ನ ಮೇಲಿನವರ ಹೆಸರಿಟ್ಟು ಏಯರ್ಸ್ ರಾಕ್ ಮಾಡಿದ. 1985ರ ಅಕ್ಟೋಬರ್ 26ರಂದು ಸರಕಾರ ಹಕ್ಕುಪತ್ರವನ್ನು ಅನಂಗುಗಳಿಗೆ ತಿರುಗಿ ಕೊಟ್ಟಿತು. ಅವರು ಆಗಲೇ ಅದನ್ನು 99 ವರ್ಷದ ಗುತ್ತಿಗೆಯ ಮೇಲೆ ರಾಷ್ಟ್ರೀಯ ಉದ್ಯಾನಕ್ಕೆ ಬಿಟ್ಟುಕೊಟ್ಟರು. ಬಂಡೆ ಹತ್ತಬೇಡಿ ಎಂದು ವರ್ಷಗಟ್ಟಲೆ ಫಲಕ ಹಾಕಿ ಬೇಡಿಕೊಂಡರೂ ಜನ ಹತ್ತುತ್ತಲೇ ಇದ್ದರು. ಹಾಗೆ ಸಾಲುಗಟ್ಟಿ ಹತ್ತುವವರಿಗೆ ಅನಂಗುಗಳು ಇಟ್ಟ ಹೆಸರು ‘ಮಿಂಗ’, ಅಂದರೆ ಇರುವೆ. 2019ರಲ್ಲಿ, ಅದೇ ಅಕ್ಟೋಬರ್ 26ಕ್ಕೆ, ಹತ್ತುವುದು ಕಾಯಂ ಬಂದಾಯಿತು. ಇದನ್ನೆಲ್ಲ ಓದಿ ಹೇಳಿದಾಗ ನಮ್ಮನಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಹಳೆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ, ನಾವೀಗ ನವನಗರದವರು. "ಮುಳಗಡಿ ಮಂದಿಗೆ ಈ ಮಾತ ತಿಳಸಿ ಹೇಳೂದು ಬ್ಯಾಡ. ನಾ ಹತ್ತೂದಿಲ್ಲ ಬಿಡು" ಎಂದರು.

ಟಿಕೆಟ್ ನಾವು ಹೋದಾಗ ತಲೆಗೆ 38 ಡಾಲರ್, ಮೂರು ದಿನಕ್ಕೆ. ಬುಡದ ಸುತ್ತ ಪೂರ್ತಿ ನಡೆದರೆ ಹತ್ತೂವರೆ ಕಿ.ಮೀ., ನಾವು ತುಂಡು ತುಂಡಾಗಿ ಎರಡು ಕಡೆ ನಡೆದೆವು. ಬೆಳಿಗ್ಗೆ ರೇಂಜರ್ ಪುಕ್ಕಟೆ ಕರೆದೊಯ್ಯುವ ಮಾಲಾ ನಡಿಗೆಯನ್ನು ಮಾತ್ರ ಬಿಡಬೇಡಿ. ಹೆಂಗಸರು ಕಾಳು ಅರೆದು ಅಡುಗೆ ಮಾಡುತ್ತಿದ್ದ ಗವಿ, ಹುಡುಗರಿಗೆ ಪಾಠ ಹೇಳುತ್ತಿದ್ದ ಗವಿ, ಗಂಡಸರ ಗವಿ, ಒಂದರ ಪಕ್ಕ ಒಂದು. ಇನ್ನೊಂದು ಕಡೆ ಮುಟಿಟ್ಜುಲು ಎಂಬ ನೀರಿನ ಮಡು. ಅಲ್ಲಿ ಕುನಿಯ ಎಂಬ ಹೆಬ್ಬಾವಿನ ಹೆಂಗಸು ತನ್ನ ಸೋದರಳಿಯನನ್ನು ಕೊಂದ ವಿಷದ ಹಾವುಗಳ ಮೇಲೆ ಸೇಡು ತೀರಿಸಿಕೊಂಡಳಂತೆ. ಅಗೆಯುವ ಕೋಲಿನಿಂದ ಹೊಡೆದ ಎರಡು ಏಟು ಬಂಡೆಯ ಮೇಲೆ ಬಿರುಕಾಗಿ ನಿಂತಿವೆ. ಪರಶುರಾಮ ಕೊಡಲಿ ತೊಳೆದ ಐಹೊಳೆಯ ಪಕ್ಕದವರಿಗೆ ಇದನ್ನು ನಂಬಲು ಕಷ್ಟವೇನಿಲ್ಲ. ವ್ಯತ್ಯಾಸ ಎಂದರೆ ಅವರು ಎಲ್ಲ ಕಥೆಯನ್ನೂ ಹೇಳುವುದಿಲ್ಲ. ಜುಕುರ್ಪ ಎಂಬುದು ಅವರ ಧರ್ಮ, ಕಾನೂನು, ಪುರಾಣ ಎಲ್ಲ ಸೇರಿದ್ದು. ಅದರಲ್ಲಿ ಹೆಂಗಸರಿಗೆ ಮಾತ್ರ ಸೇರಿದ್ದು, ಗಂಡಸರಿಗೆ ಮಾತ್ರ ಸೇರಿದ್ದು ಎಂದಿದೆ, ಹೊರಗಿನವರಿಗೆ ಮಕ್ಕಳಿಗೆ ಹೇಳುವಷ್ಟೇ ಹೇಳುತ್ತಾರೆ. ಫೋಟೊ ತೆಗೆಯಬಾರದ ಜಾಗಗಳಲ್ಲಿ ಫಲಕವಿದೆ. ಅಳಿಯ ಫೋನು ಜೇಬಿಗೆ ಹಾಕಿಕೊಂಡ.

ಕಾಟಾ ಜೂಟಾಗೆ ಮರುದಿನ ಹೋದೆವು, ಐವತ್ತು ಕಿ.ಮೀ. ಆಚೆ, 36 ಗುಮ್ಮಟದಂಥ ಬೆಟ್ಟ. ಹೆಸರಿನ ಅರ್ಥ ‘ಬಹಳ ತಲೆಗಳು’. ಕೇಳಿದ ಕೂಡಲೇ ನನಗೆ ನೆನಪಾದದ್ದು ಶಿವನ ಜಟಾಜೂಟ. ಸುಮ್ಮನೆ ಸದ್ದಿನ ಆಟ, ಆದರೂ ಮನಸ್ಸಿಂದ ಹೋಗವಲ್ಲದು.

ನನಗೆ ಮರೆಯಲಾಗದ್ದು ಮಾತ್ರ ಒಬ್ಬ ಅನಂಗು ಅಜ್ಜಿ. ಅನಂಗುಗಳದೇ ಆದ ಮಾರುಕು ಕಲಾ ಸಂಸ್ಥೆಯವರು ಚಿತ್ರ ಬರೆಯುವುದನ್ನು ಹೇಳಿಕೊಡುತ್ತಾರೆ. ಅಜ್ಜಿ ಕೆಂಪು ಮರಳನ್ನು ಅಂಗೈಯಿಂದ ಸವರಿ ನೆಲ ಸಪಾಟು ಮಾಡಿದರು, ನಾವು ರಂಗೋಲಿಗೆ ಮೊದಲು ಸಾರಿಸುವ ಹಾಗೆ. ಎರಡು ಬೆರಳಲ್ಲಿ ಕುದುರೆ ಲಾಳದಂತೆ ಒಂದು ಬಳುಕು ಎಳೆದರು: ಕೂತ ಮನುಷ್ಯ. ಪಕ್ಕ ಉದ್ದದ ಗೆರೆ, ಅಗೆಯುವ ಕೋಲು: ಆಗ ಅದು ಹೆಂಗಸು. ವೃತ್ತದೊಳಗೆ ವೃತ್ತ: ನೀರಿನ ಜಾಗ. ಅವರು ಪಿಟ್ಜಂಟ್ಜಾಟ್ಜಾರ ಮಾತಲ್ಲಿ ಹೇಳುವುದು, ಪಕ್ಕದ ಹುಡುಗಿ ಇಂಗ್ಲಿಷಿಗೆ ತರುವುದು, ಮಗಳು ಅಪ್ಪನಿಗೆ ಕನ್ನಡದಲ್ಲಿ ಹೇಳುವುದು. ಮುಗಿದ ಮೇಲೆ ಅಜ್ಜಿ ಒಂದೇ ಸಲಕ್ಕೆ ಅಂಗೈಯಿಂದ ಎಲ್ಲ ಅಳಿಸಿ, ಸೆರಗು ಹೊದ್ದ ನನ್ನ ಕಡೆ ನೋಡಿ ಏನೋ ಅಂದರು. ಸೀರೆಯ ಸೆರಗಿನ ಗೆರೆ ನೋಡಿ "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದರಂತೆ. ಇಳಕಲ್ ಸೀರೆಯ ಟೋಪ ತೆನಿಯನ್ನು ಯಾರಾದರೂ ಓದಲು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ತಡವರಿಸಿದೆ.

ಅಲ್ಲಿ ಏನಾದರೂ ಕೊಳ್ಳುವವರು ಇಳಕಲ್ ಸೀರೆ ಕೊಳ್ಳುವ ಹಾಗೇ ಕೊಳ್ಳಿ. ಕೈಮಗ್ಗದ್ದೋ ಮಶೀನಿನದ್ದೋ ಎಂದು ನಾವು ತಿರುವಿ ನೋಡುತ್ತೇವಲ್ಲ, ಹಾಗೆ. ವಿಮಾನ ನಿಲ್ದಾಣದ ಚುಕ್ಕಿ ಚುಕ್ಕಿ ಸಾಮಾನಿನಲ್ಲಿ ನಕಲಿ ಬಹಳ. ಮಾಡಿದವರ ಹೆಸರು, ಊರು ಬರೆದುಕೊಡುವ, ಅವರದೇ ಸಂಘದ ಅಂಗಡಿಯಲ್ಲಿ ತಗೊಂಡರೆ ದುಡ್ಡು ಅವರಿಗೆ ಮುಟ್ಟುತ್ತದೆ. ನಾನು ತಂದದ್ದು ಕಾದ ತಂತಿಯಿಂದ ಗೆರೆ ಸುಟ್ಟು ಬರೆದ ಮರದ ಓತಿಕ್ಯಾತ. ನಮ್ಮನಿಯವರು ಒಂದು ಕೆಂಪು ಕಲ್ಲು ಜೇಬಿಗೆ ಹಾಕಿಕೊಂಡಿದ್ದರು. ಮಗಳು "ಅಪ್ಪಾ, ಹಿಂಗ ಒಯ್ದವರು ಎಷ್ಟೋ ಮಂದಿ ಕ್ಷಮಾಪಣೆ ಪತ್ರ ಬರದು ಪೋಸ್ಟಿನ್ಯಾಗ ವಾಪಸ್ ಕಳಸ್ತಾರ" ಎಂದಾಗ ಮಾತಾಡದೆ ಇದ್ದಲ್ಲೇ ಇಟ್ಟು ಬಂದರು.

ಊರಿಗೆ ಬಂದು ಅತ್ತಿಗೆ ಎಲ್ಲ ಹೇಳಿದೆ. ಓತಿಕ್ಯಾತವನ್ನು ಮೂಗಿನ ಹತ್ತಿರ ಹಿಡಿದು ಸುಟ್ಟ ವಾಸನೆ ನೋಡಿದರು. ಜಾಗ ತಿರುಗಿ ಕೊಟ್ಟ ಕಥೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಗುತ್ತಿಗಿ ಅಂದ್ಯಲ್ಲ. ಬಾಡಗಿ ಎಷ್ಟ ಕೊಡತಾರ ಅವರಿಗೆ?"

"ಟಿಕೀಟಿನ ರೊಕ್ಕದಾಗ ನೂರಕ್ಕ ಇಪ್ಪತ್ತೈದರಿ."

ಬೆರಳು ಮಡಚಿದರು. "ನೀವು ನಾಕ ಮಂದಿ ಹೋಗಿದ್ರಿ. ಹಂಗಂದ್ರ ಒಂದ ಟಿಕೀಟು ಪೂರಾ ಅವರದು" ಎಂದು ಓತಿಕ್ಯಾತವನ್ನು ಟಿವಿಯ ಮೇಲೆ ಇಟ್ಟು, ಮಳಿ ಬರೋ ಹಾಗಿದೆ, ಮಾಳಿಗೆಯ ಮೇಲಿನ ಶೇಂಗಾ ತೆಗಿ ಎಂದರು.