"ಈ ವಿಡಿಯೊ ತೆಗೆದದ್ದು ನೀವೇನಾ?"

ನಾನು ಸುದ್ದಿಮನೆ ಸೇರಿದ ಕಾಲಕ್ಕೆ, ಏನಾದರೂ ನಡೆದರೆ ವರದಿಗಾರ ಓಡಬೇಕಿತ್ತು. ಈಗ ಅವನು ಹೊರಡುವಷ್ಟರಲ್ಲಿ ವಿಡಿಯೊ ಡೆಸ್ಕಿಗೆ ಬಂದಿರುತ್ತದೆ. ಅದೂ ಒಂದೇ ವಿಡಿಯೊ ಹತ್ತಾರು ಜನರಿಂದ. ಅದನ್ನು ತೆಗೆದವರು ಯಾರು, ನಿಜವೋ ಸುಳ್ಳೋ ಅಂತ ಹುಡುಕುವುದೇ ಈಗ ನನ್ನ ಕೆಲಸ.

ಕಳಿಸಿದವರಿಗೆ ನಾನು ಮೊದಲು ಕೇಳುವುದು ಇಷ್ಟೇ: "ಇದನ್ನು ತೆಗೆದದ್ದು ನೀವೇನಾ?" ಎಷ್ಟೋ ಜನ ಅಲ್ಲೇ, "ಇಲ್ಲ ಸರ್, ಗ್ರೂಪಲ್ಲಿ ಬಂತು" ಅನ್ನುತ್ತಾರೆ. ಹೌದು ಅಂದವರಿಗೆ ಇನ್ನೊಂದು ಪ್ರಶ್ನೆ: ಎಲ್ಲಿ ನಿಂತಿದ್ದಿರಿ, ನಿಮ್ಮ ಬೆನ್ನ ಹಿಂದೆ ಏನಿತ್ತು? ಅದು ವಿಡಿಯೊದಲ್ಲಿ ಕಾಣುವುದಿಲ್ಲ ನೋಡಿ. ಅಲ್ಲೇ ಇದ್ದವರು ಸಾಮಾನ್ಯವಾಗಿ ತಡವರಿಸದೆ ಹೇಳುತ್ತಾರೆ.

ಆಮೇಲೆ ಮೂಲ ಫೈಲ್ ಕೇಳುತ್ತೇನೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ತೆಗೆದ ಹೊತ್ತು, ಜಾಗದ ವಿವರವೂ ಅಳಿಸಿಹೋಗುತ್ತದೆ. ಅದಕ್ಕೇ 'ಡಾಕ್ಯುಮೆಂಟ್' ಆಗಿ ಕಳಿಸಿ ಅನ್ನುತ್ತೇನೆ. ಅದರ ಹಿಂದೆ ಮುಂದೆ ತೆಗೆದ ಕ್ಲಿಪ್‌ಗಳೂ ಬೇಕು. ನಿಜವಾಗಿ ಅಲ್ಲಿದ್ದವರ ಫೋನಿನಲ್ಲಿ ಒಂದೇ ಕ್ಲಿಪ್ ಇರುವುದು ಕಡಿಮೆ. ಕೈ ಅಲುಗಾಡಿದ್ದು, ಸುಮ್ನೆ ನೆಲ ತೋರಿಸಿದ್ದು, ಏನಾದರೂ ಇದ್ದೇ ಇರುತ್ತದೆ.

ಪೂರ್ತಿ ವಿಡಿಯೊಗೆ ಎಷ್ಟು ತೂಕ ಅನ್ನುವುದಕ್ಕೆ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. 2020ರ ಮೇನಲ್ಲಿ ಅಲ್ಲಿನ ಪೊಲೀಸರು ಹಿಡಿದ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿ ಇದ್ದದ್ದು ಫ್ಲಾಯ್ಡ್ ಆರೋಗ್ಯ ಕೆಟ್ಟಿತ್ತು ಅನ್ನುವ ಮಾತು. ಪೊಲೀಸ್ ಅಧಿಕಾರಿ ಅವರ ಕುತ್ತಿಗೆಯ ಮೇಲೆ ಮಂಡಿ ಊರಿದ್ದು ಅದರಲ್ಲಿ ಇರಲಿಲ್ಲ. ಅಲ್ಲೇ ಇದ್ದ 17 ವರ್ಷದ ಹುಡುಗಿ ಡಾರ್ನೆಲ್ಲಾ ಫ್ರೇಜರ್ ಫೋನಿನಲ್ಲಿ ವಿಡಿಯೊ ತೆಗೆದದ್ದರಿಂದ ಸತ್ಯ ಹೊರಬಂತು. 2021ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಅವರಿಗೆ ವಿಶೇಷ ಗೌರವ ಕೊಟ್ಟಿತು.

ಇನ್ನು ಹುಡುಕಾಟ. ವಿಡಿಯೊ ನಿಲ್ಲಿಸಿ ಒಂದೊಂದು ಫ್ರೇಮನ್ನು ಗೂಗಲ್, ಟಿನ್‌ಐನಂಥ ಚಿತ್ರ ಹುಡುಕುವ ತಾಣಗಳಿಗೆ ಹಾಕುತ್ತೇನೆ, ಮೊದಲೇ ಎಲ್ಲಾದರೂ ಬಂದಿದೆಯಾ ಅಂತ ನೋಡಲು. ನೀರು ತುಂಬಿದ ರಸ್ತೆಯಲ್ಲಿ ಶಾರ್ಕ್ ಈಜುವ ಚಿತ್ರ ನೀವೂ ನೋಡಿರಬಹುದು. 2011ರಲ್ಲಿ ಅಮೆರಿಕದ ಐರೀನ್ ಚಂಡಮಾರುತದ ಹೊತ್ತಿಗೆ ಹರಿದಾಡಿದ ಆ ನಕಲಿ ಚಿತ್ರ 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಮತ್ತೆ ಎದ್ದು ಬಂತು. ಆದರೆ ಹುಡುಕಿದಾಗ ಏನೂ ಸಿಗದಿದ್ದರೆ ಅದು ಹೊಸದು ಅಂತ ಅರ್ಥವಲ್ಲ. ಅಂಗಡಿಯ ಬೋರ್ಡು, ಟವರ್, ರಸ್ತೆಯ ತಿರುವನ್ನು ಗೂಗಲ್ ಅರ್ಥ್ ಜೊತೆ ಹೋಲಿಸುತ್ತೇನೆ. ನೆರಳು ಬಿದ್ದ ದಿಕ್ಕಿನಿಂದ ಹೊತ್ತು ಲೆಕ್ಕ ಹಾಕಲು ಸನ್‌ಕ್ಯಾಲ್ಕ್ ಅನ್ನುವ ವೆಬ್‌ಸೈಟ್ ಇದೆ. ಎಐ ವಿಡಿಯೊ ಹಿಡಿಯುತ್ತೇವೆ ಅನ್ನುವ ಟೂಲ್‌ಗಳನ್ನು ಮಾತ್ರ ನಾನು ಜಾಸ್ತಿ ನಂಬುವುದಿಲ್ಲ. ಅಲ್ಲೂ ಕೈ ಹಿಡಿಯುವುದು ಆ ಮೊದಲ ಪ್ರಶ್ನೆಗಳೇ.

ಗುಂಪಾಗಿ ಹುಡುಕಿದರೆ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. 2014ರಲ್ಲಿ ಮಲೇಷ್ಯಾದ ಎಂಎಚ್17 ವಿಮಾನವನ್ನು ಉಕ್ರೇನ್‌ನಲ್ಲಿ ಕ್ಷಿಪಣಿಯಿಂದ ಹೊಡೆದು ಬೀಳಿಸಿದ ಮೇಲೆ, ಆನ್‌ಲೈನ್ ತನಿಖಾ ತಂಡವಾದ ಬೆಲಿಂಗ್‌ಕ್ಯಾಟ್‌ನವರು ಜನ ಹಾಕಿದ ಫೋಟೊ, ವಿಡಿಯೊಗಳಿಂದಲೇ ಆ 'ಬುಕ್' ಕ್ಷಿಪಣಿ ವಾಹನದ ಜಾಡು ಹಿಡಿದರು. ಅದರ ಹಿಂದಿನ ವರ್ಷ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಬಳಿಕ ರೆಡ್ಡಿಟ್ ಅನ್ನುವ ಚರ್ಚಾ ತಾಣದಲ್ಲಿ ಜನ ಏನೂ ಅರಿಯದ ವಿದ್ಯಾರ್ಥಿಯೊಬ್ಬನನ್ನು ಆರೋಪಿ ಮಾಡಿಬಿಟ್ಟರು.

"ಬೇರೆಯವರು ಆಗಲೇ ಹಾಕಿದ್ದಾರಲ್ಲ, 'ಖಚಿತವಾಗಿಲ್ಲ' ಅಂತ ಬರೆದು ನಾವೂ ಹಾಕೋಣ" ಅನ್ನುವ ಮಾತು ಡೆಸ್ಕಿನಲ್ಲಿ ದಿನಾ ಬರುತ್ತದೆ. ನಾನು ಒಪ್ಪುವುದಿಲ್ಲ. ಆ ಸಣ್ಣ ಅಕ್ಷರ ಯಾರು ಓದುತ್ತಾರೆ? ಖಚಿತವಾದ ಮೇಲೂ ತೆಗೆದವರ ಒಪ್ಪಿಗೆ ಕೇಳುತ್ತೇನೆ, ಹೆಸರು ಹಾಕಬೇಕೋ ಬೇಡವೋ ಅಂತಲೂ. ಭಯ ಇದ್ದವರು ಬೇಡ ಅನ್ನುತ್ತಾರೆ. "ಇನ್ನೂ ಹತ್ತಿರ ಹೋಗಿ ತೆಗೆಯಿರಿ" ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.