ಟೆರೇಸ್ ಮಲ್ಲಿಗೆಯ ಮೊದಲ ಮಳೆಗಾಲ

ನಮ್ಮ ಕಡೆ ಟೆರೇಸಿನ ಮಲ್ಲಿಗೆ ಗಿಡ ಸಾಯುವುದು ಹೆಚ್ಚಾಗಿ ಜುಲೈಯಲ್ಲಿ. ಏಪ್ರಿಲ್-ಮೇ ಬಿಸಿಲಿಗೆ ಎಲೆ ಬಾಡಿದರೂ ಸರಿಯಾಗಿ ನೀರು ಕೊಟ್ಟರೆ ಸಂಜೆಗೆ ಎದ್ದು ನಿಲ್ಲುತ್ತದೆ. ಜುಲೈಯಲ್ಲಿ ಎಲೆ ಹಳದಿಯಾಗಿ ಉದುರತೊಡಗಿತು ಅಂದ್ರೆ ಮಾತ್ರ ಕಷ್ಟ. ಅಷ್ಟು ಹೊತ್ತಿಗೆ ಒಳಗೆ ಬೇರು ಕೊಳೆತಾಗಿರುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಒಂದು ಗ್ರೋ ಬ್ಯಾಗಿನ (ಗಿಡ ನೆಡುವ ಚೀಲದ) ಮೇಲೆ ಬಿದ್ದು ಎಲ್ಲಿಗೆ ಹೋಗಬೇಕು ಹೇಳಿ? ಹಾಗಾಗಿ ಮಲ್ಲಿಗೆ ನೆಡಬೇಕು ಅಂತ ಹೊರಟಾಗ ನಾನು ಗೊಬ್ಬರದ ಬಗ್ಗೆ ಯೋಚಿಸಿದ್ದು ಕಮ್ಮಿ. ನೀರು ಹೊರಗೆ ಹೋಗುವ ದಾರಿಯ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಂಡೆ.

ಗಿಡ ತಂದದ್ದು ಶಂಕರಪುರದಿಂದ. ಕಟಪಾಡಿಯಿಂದ ಒಳಗೆ ಹೋದರೆ ಸಿಗುವ ಊರು. ಉಡುಪಿ ಮಲ್ಲಿಗೆ ಅಂತ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿರುವುದು ಇದೇ ಹೂವಿಗೆ. ನಾವೆಲ್ಲ ಹೇಳುವುದು ಮಾತ್ರ ಶಂಕರಪುರ ಮಲ್ಲಿಗೆ ಅಂತಲೇ. ಅಲ್ಲಿ ಮನೆ ಅಂಗಳದಲ್ಲಿ ಮಲ್ಲಿಗೆ ಬೆಳೆಸುವ ಒಬ್ಬರು ಬಾಯಮ್ಮ (ಕ್ರಿಶ್ಚಿಯನ್ ಹೆಂಗಸು) ನನಗೆ ಗಿಡ ಆರಿಸಿ ಕೊಟ್ಟರು. ನಾನು ಉದ್ದಕ್ಕೆ ಬೆಳೆದ, ಎರಡು ಹೂ ಬಿಟ್ಟಿದ್ದ ಗಿಡದ ಹತ್ತಿರ ನಿಂತಿದ್ದೆ. ಅವರು ತಲೆ ಅಲ್ಲಾಡಿಸಿದರು.

"ಹೂ ನೋಡಿ ಗಿಡ ತಕ್ಕೊಳ್ಬೇಡಿ ಮಾರಾಯ್ರೆ. ಬುಡದಿಂದ ಎಷ್ಟು ಕವಲು ಬಂದಿದೆ ನೋಡಿ."

ಹಾಗೆ ಗಿಡ್ಡಕ್ಕಿದ್ದ, ಬುಡದಲ್ಲೇ ಮೂರ್ನಾಲ್ಕು ಕವಲು ಒಡೆದಿದ್ದ ಗಿಡಗಳನ್ನೇ ತಂದೆ. ಒಂದು ಹತ್ತು-ಹನ್ನೆರಡು ಇರಬಹುದು.

ಸಾಮಾನ್ಯವಾಗಿ ಎಲ್ಲರೂ ಮೊದಲ ಮಳೆಗೆ ನೆಡುತ್ತಾರೆ. ನೆಲಕ್ಕಾದರೆ ಅದು ಸರಿ. ಬ್ಯಾಗಿಗೆ ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲ, ಅಷ್ಟರಲ್ಲಿ ನಾಲ್ಕು ತಿಂಗಳು ನೀರಲ್ಲಿ ನಿಲ್ಲಬೇಕು. ನಾನು ನೆಟ್ಟದ್ದು ನವರಾತ್ರಿ ಕಳೆದ ಮೇಲೆ. ಮುಂದಿನ ಮಳೆಗಾಲ ಬರುವ ಹೊತ್ತಿಗೆ ಬೇರು ಬ್ಯಾಗಿನ ಅಂಚಿನವರೆಗೆ ಹೋಗಿತ್ತು. ಬೇರು ತುಂಬಿದ ಮಣ್ಣು ಬೇಗ ಒಣಗುತ್ತದೆ, ಅದೇ ದೊಡ್ಡ ಉಪಕಾರ.

ಇನ್ನು ಮಣ್ಣು. ವಿಡಿಯೋಗಳಲ್ಲಿ ಎಲ್ಲರೂ ತೆಂಗಿನ ನಾರಿನ ಪುಡಿ ಹಾಕಿ ಅಂತಾರೆ. ಬೆಂಗಳೂರಿಗೆ ಅದು ಒಳ್ಳೆಯದೇ, ನೀರು ಹಿಡಿದಿಟ್ಟುಕೊಳ್ಳುತ್ತದೆ. ನಮಗೆ ಬೇಕಾದ್ದು ಅದರ ಉಲ್ಟಾ ಅಲ್ವಾ? ನಾನು ಕೆಂಪು ಮಣ್ಣು ಎರಡು ಪಾಲು, ಒಣಗಿದ ಹಟ್ಟಿಗೊಬ್ಬರ ಒಂದು ಪಾಲು, ಸುಟ್ಟ ಉಮಿ ಒಂದು ಪಾಲು ಸೇರಿಸಿದೆ. ಹೊಳೆ ಮರಳು ಸಿಕ್ಕಿದರೆ ಅದನ್ನೇ ಹಾಕುತ್ತಿದ್ದೆ. ಈಗ ಮರಳಿನ ರೇಟು ಕೇಳಿದರೆ ಮನೆ ಕಟ್ಟುವವರಿಗೇ ತಲೆ ತಿರುಗುತ್ತದೆ, ಗಿಡಕ್ಕೆಲ್ಲಿಂದ ತರುವುದು! ಪ್ರತಿ ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಸಣ್ಣ ಹಿಡಿ ಸುಣ್ಣದ ಪುಡಿ. ಕರಾವಳಿಯ ಮಣ್ಣು ಹುಳಿ, ಅಂದ್ರೆ ಆಮ್ಲೀಯ. ಮಳೆ ಇರುವ ಸುಣ್ಣವನ್ನೂ ತೊಳೆದುಕೊಂಡು ಹೋಗುತ್ತದೆ.

ಬ್ಯಾಗಿನ ತಳದಲ್ಲಿ ಕಂಪೆನಿಯವರು ಮಾಡಿ ಕೊಡುವ ತೂತು ನೆಚ್ಚಿಕೊಳ್ಳಬೇಡಿ. ಬ್ಯಾಗು ನೆಲಕ್ಕೆ ಕೂತ ಕೂಡಲೇ ಅವು ಮುಚ್ಚಿ ಹೋಗುತ್ತವೆ. ತಳದಿಂದ ಒಂದು ಇಂಚು ಮೇಲೆ, ಪಕ್ಕದಲ್ಲಿ, ಸುತ್ತಲೂ ಆರೇಳು ತೂತು ಮಾಡಿದೆ. ಒಳಗೆ ಮೊದಲು ಒಡೆದ ಮಂಗಳೂರು ಹೆಂಚಿನ ಚೂರು, ಅದರ ಮೇಲೆ ಮಣ್ಣು. ಹಳೆ ಮನೆ ಕೆಡವಿದ ಕಡೆ ಹೆಂಚಿನ ಚೂರು ಬೇಕಾದಷ್ಟು ಸಿಗುತ್ತದೆ, ಸುಮ್ನೆ ಕೇಳಿದರೆ ಕೊಡುತ್ತಾರೆ. ಬ್ಯಾಗನ್ನು ಕೆಂಪುಕಲ್ಲಿನ ತುಂಡುಗಳ ಮೇಲೆ ಇಟ್ಟೆ. ಗಿಡಕ್ಕೂ ಒಳ್ಳೆಯದು, ಟೆರೇಸ್ ಸ್ಲ್ಯಾಬಿಗೂ ಒಳ್ಳೆಯದು.

ಮೊದಲ ಕೆಲವು ತಿಂಗಳು ಬಂದ ಮೊಗ್ಗನ್ನೆಲ್ಲ ಚಿವುಟಿ ಹಾಕಿದೆ. ಅತ್ತೆಗೆ ಇದು ಸ್ವಲ್ಪವೂ ಸರಿ ಕಾಣಲಿಲ್ಲ. "ದೇವರಿಗಾದರೂ ಇಡಬಾರದಾ" ಅಂತ ದಿನಾ ಕೇಳುತ್ತಿದ್ದರು. ಆದರೆ ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ತುದಿ ಚಿವುಟಿದರೆ ಅಲ್ಲಿಂದ ಎರಡು ಚಿಗುರು ಬರುತ್ತದೆ. ಎರಡರ ತುದಿ ಚಿವುಟಿದರೆ ನಾಲ್ಕು. ಮೊದಲ ವರ್ಷದ ಹೂವಿಗೆ ಆಸೆ ಪಟ್ಟರೆ ಗಿಡ ಕಡ್ಡಿಯಾಗಿಯೇ ಉಳಿಯುತ್ತದೆ.

ಮೇ ಕೊನೆಗೆ ಮಳೆಗಾಲದ ತಯಾರಿ. ಮಣ್ಣನ್ನು ಬುಡಕ್ಕೆ ದಿಬ್ಬದ ಹಾಗೆ ಏರಿಸಿದೆ, ನೀರು ಅಂಚಿಗೆ ಜಾರಿ ಹೋಗಬೇಕು. ಅದರ ಮೇಲೆ ಒಣ ತೆಂಗಿನ ಗರಿ ತುಂಡು ಮಾಡಿ ಹಾಸಿದೆ. ಇದು ಚಂದಕ್ಕಲ್ಲ. ಜೋರು ಮಳೆ ಮಣ್ಣಿಗೆ ಬಿದ್ದು ಸಿಡಿಯುತ್ತದೆ ಅಲ್ವಾ, ಆ ಸಿಡಿದ ಕೆಸರಿನ ಜೊತೆ ಶಿಲೀಂಧ್ರವೂ ಕೆಳಗಿನ ಎಲೆಗೆ ಹತ್ತುತ್ತದೆ. ಎಲೆಚುಕ್ಕೆ ರೋಗ ಶುರುವಾಗುವುದು ಹಾಗೆ. ಅದಕ್ಕೇ ಬುಡದ ಒಂದು ಗೇಣಿನವರೆಗೆ ಎಲೆಯನ್ನೂ ತೆಗೆದುಬಿಟ್ಟೆ. ಒಳಗೆ ಒತ್ತೊತ್ತಾಗಿದ್ದ ಸಣ್ಣ ಕೊಂಬೆ ಕತ್ತರಿಸಿದೆ. ಎರಡು ಬ್ಯಾಗಿನ ಮಧ್ಯೆ ಒಬ್ಬರು ಓಡಾಡುವಷ್ಟು ಜಾಗ. ಗಾಳಿ ಆಡಿದರೆ ಎಲೆ ಒಣಗುತ್ತದೆ. ಎಲೆ ಒಣಗಿದರೆ ಅರ್ಧ ರೋಗ ಬರುವುದೇ ಇಲ್ಲ.

ಆಮೇಲೆ ಬೋರ್ಡೋ, ಅಂದ್ರೆ ಶಿಲೀಂಧ್ರ ರೋಗ ತಡೆಯಲು ಎಲೆಗೆ ಹೊಡೆಯುವ ದ್ರಾವಣ. ಅಡಿಕೆ ತೋಟದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಟೆರೇಸಿನವರು ಅಂಗಡಿಯಿಂದ ಏನೇನೋ ಡಬ್ಬಿ ತರುತ್ತಾರೆ, ಅದಕ್ಕಿಂತ ಇದೇ ವಾಸಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ. ಮೈಲುತುತ್ತನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಐದು ಲೀಟರ್ ನೀರಿಗೆ ಹಾಕಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಆಗುವುದಿಲ್ಲ. ಇನ್ನೊಂದು ಬಕೆಟಿನಲ್ಲಿ ಸುಣ್ಣ ಅರಳಿಸಿ ಸೋಸಿ ಐದು ಲೀಟರ್ ಮಾಡಬೇಕು. ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಆಕಾಶದ ಬಣ್ಣದ ತೆಳು ಗಂಜಿಯ ಹಾಗೆ ಆಗುತ್ತದೆ. ಆಮೇಲೆ ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯೊಂದನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡುವುದು. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಕಾಗಿಲ್ಲ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಟ್ಟು ಹೋಗುತ್ತದೆ. ನಾನು ಅದ್ದಿದಾಗ ಕೆಂಪು ಬಂತು. ಇನ್ನೊಂದು ಲೋಟ ಸುಣ್ಣದ ನೀರು ಸೇರಿಸಿದೆ, ಮತ್ತೆ ಅದ್ದಿದೆ, ಕತ್ತಿ ಬೆಳ್ಳಗೇ ಬಂತು.

ಮಾಡಿದ ದಿನವೇ ಹೊಡೆದು ಮುಗಿಸಬೇಕು, ಮರುದಿನಕ್ಕೆ ಇಡುವಂತಿಲ್ಲ. ಎಲೆಯ ಅಡಿಗೂ ತಾಗಬೇಕು. ಮೇ ಕೊನೆಗೆ ಒಮ್ಮೆ, ಮಳೆ ಬಿಡುವು ಕೊಟ್ಟಾಗ ಜುಲೈಯಲ್ಲಿ ಇನ್ನೊಮ್ಮೆ ಹೊಡೆದೆ. ಆ ದಿನಗಳಲ್ಲಿ ಬಂದ ನಾಲ್ಕು ಮೊಗ್ಗನ್ನು ಮುಡಿಯಲಿಕ್ಕೂ ತೆಗೆಯಲಿಲ್ಲ, ದೇವರಿಗೂ ಇಡಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ ಪೂರ್ತಿ ನಿಲ್ಲಿಸಿದೆ. ಹಾಕಿದರೂ ತೊಳೆದು ಹೋಗುತ್ತದೆ. ಉಳಿದದ್ದು ಬಿಸಿಲಿಲ್ಲದ ಹೊತ್ತಿನಲ್ಲಿ ಬರೀ ಬಳ್ಳಿ ಬೆಳೆಸುತ್ತದೆ. ಉದ್ದಕ್ಕೆ ಸುತ್ತಿಕೊಂಡು ಹೋಗುವ, ಗಂಟು ಗಂಟಿಗೆ ದೂರ ಇರುವ ಚಿಗುರು ಕಂಡರೆ ಅದರಲ್ಲಿ ಹೂ ಬರುವುದಿಲ್ಲ, ಕತ್ತರಿಸಿ ಬಿಸಾಡಿ. ಮಳೆ ಬಿಟ್ಟ ಬೆಳಿಗ್ಗೆ ನನ್ನ ಕೆಲಸ ಒಂದೇ. ಒಂದು ಕಡ್ಡಿ ಹಿಡಿದು ಪಕ್ಕದ ತೂತುಗಳನ್ನು ಚುಚ್ಚಿ ನೋಡುವುದು. ಕಟ್ಟಿದ್ದರೆ ಕಂದು ನೀರು ಚಿಮ್ಮಿಕೊಂಡು ಬರುತ್ತದೆ. ಒಂದು ಬ್ಯಾಗಿನಿಂದ ಅರ್ಧ ಬಕೆಟ್ ಬಂತು. ಆ ಗಿಡ ಎರಡು ವಾರ ಮುಖ ಸಪ್ಪೆ ಮಾಡಿಕೊಂಡಿದ್ದು ಆಮೇಲೆ ಸುಧಾರಿಸಿತು. ಟೆರೇಸಿಗೆ ತಗಡು ಶೀಟ್ ಹಾಕಿದವರು ಅದರಡಿಗೆ ಬ್ಯಾಗ್ ಎಳೆದು ಇಡುವುದನ್ನು ನೋಡಿದ್ದೇನೆ. ಮಳೆಯಿಂದ ಉಳಿಯುತ್ತದೆ, ಆದರೆ ಬಿಸಿಲು ಸಾಲದೆ ಹೂವೇ ಬರುವುದಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗದ ಜಾಗದಲ್ಲಿ ಮಲ್ಲಿಗೆ ಬೇಡ.

ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ) ಹೂ ಇಲ್ಲ ಅಂತ ಬೇಸರ ಪಡುವ ಹಾಗೂ ಇಲ್ಲ. ಆಗ ಮದುವೆಯೂ ಇಲ್ಲ, ಭೂತಕೋಲವೂ ಇಲ್ಲ, ರೇಟೂ ಬಿದ್ದಿರುತ್ತದೆ. ರೇಟು ಏರುವುದು ಹಬ್ಬಗಳಿಗೆ, ಆಮೇಲೆ ಡಿಸೆಂಬರ್-ಜನವರಿಯಲ್ಲಿ. ಆಗ ಚಳಿ, ಮಂಜಿಗೆ ಎಲ್ಲರ ಮನೆಯಲ್ಲೂ ಮೊಗ್ಗು ಕಮ್ಮಿ, ಮದುವೆ ಕೋಲ ಮಾತ್ರ ಜೋರು. ಹೂ ಮಾರುವ ಲೆಕ್ಕ ಹೀಗೆ: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆಗೆ 3200 ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಬೇಕು. ಹತ್ತು ಬ್ಯಾಗ್ ಇಟ್ಟುಕೊಂಡು ಲಕ್ಷ ಎಣಿಸುವ ವಿಡಿಯೋ ನೋಡಿದರೆ ನನಗೆ ನಗು ಬರುತ್ತದೆ.

ಮಳೆ ನಿಂತ ಮೇಲೆ ನವರಾತ್ರಿ ಕಳೆದು ಗಿಡಗಳನ್ನು ಅರ್ಧಕ್ಕೆ ಕತ್ತರಿಸಿದೆ. ಉಳಿದ ಎಲೆಯನ್ನೂ ಹೆಚ್ಚುಕಮ್ಮಿ ಸವರಿದೆ. ಮೇಲಿನ ಎರಡು ಇಂಚು ಮಣ್ಣು ತೆಗೆದು ಹೊಸ ಹಟ್ಟಿಗೊಬ್ಬರ, ಸುಣ್ಣ, ಬೂದಿ ಹಾಕಿದೆ. ನೆಲಗಡಲೆ ಹಿಂಡಿ, ಬೇವಿನ ಹಿಂಡಿ, ಸೆಗಣಿ ಸೇರಿಸಿ ಕೆಲವು ದಿನ ನೀರಲ್ಲಿ ಕೊಳೆಸಿ, ಒಂದು ಚೊಂಬಿಗೆ ಹತ್ತು ಚೊಂಬು ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಹೊಯ್ದೆ. ಪಕ್ಕದ ಮನೆಯವರು ಊಟ ಮಾಡುವ ಹೊತ್ತಿಗೆ ಮಾತ್ರ ಇದನ್ನು ತೆರೆಯಬೇಡಿ. ಕತ್ತರಿಸಿ ಒಂದೂವರೆ ತಿಂಗಳ ಹೊತ್ತಿಗೆ ಚಿಗುರಿನ ತುದಿಯಲ್ಲಿ ಮೂರು-ಮೂರು ಮೊಗ್ಗು ಕಾಣಿಸಿತು. ಈ ಸಲ ಅತ್ತೆಯೇ ಬೆಳಿಗ್ಗೆ ಬೇಗ ಎದ್ದು ಕೊಯ್ಯಲು ಶುರು ಮಾಡಿದರು. ಅರಳುವ ಮೊದಲು, ಮೊಗ್ಗು ಪೂರ್ತಿ ಬಿಳಿಯಾಗಿ ಉಬ್ಬಿದಾಗ ಕೊಯ್ಯಬೇಕು.

ಈಗ ತಲೆನೋವು ಮೊಗ್ಗು ಕೊರೆಯುವ ಹುಳದ್ದು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಸಣ್ಣ ತೂತು, ಪಕ್ಕದ ಮೊಗ್ಗಿಗೆ ಬಲೆಯ ಎಳೆ. ಅಂಥದ್ದನ್ನೆಲ್ಲ ದಿನಾ ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ, ಕೆಳಗೆ ಉದುರಿದ್ದನ್ನೂ ಬಿಡುವುದಿಲ್ಲ. ಮಾರ್ಚ್ ಬಂದರೆ ನುಸಿ ಶುರು. ಅದಕ್ಕೆ ಬೆಳಿಗ್ಗೆ ಎಲೆಯಡಿಗೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಬಹಳಷ್ಟು ಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೊದಲು ಎಲೆ ಒಣಗುವ ಹಾಗೆ ನೋಡಿಕೊಂಡರೆ ಸಾಕು.